ಹಳೇ ಪದ್ಮಿನಿ, ಅಂಬಾಸಿಡರ್: ಹಿಂದಿನ ಡಿಫರೆನ್ಷಿಯಲ್ ಸದ್ದು ಮತ್ತು ಸೋರಿಕೆ ಸರಿ ಮಾಡುವುದು ಹೇಗೆ

ಮುಂಬೈಯ ಸೊಸೈಟಿ ಪಾರ್ಕಿಂಗ್‌ನಲ್ಲಿ ಹಳೇ ಗಾಡಿ ಇಟ್ಟುಕೊಂಡವರಿಗೆ ಎರಡು ದೂರು ಗ್ಯಾರಂಟಿ. ನೆಲದ ಮೇಲೆ ಎಣ್ಣೆ ಕಲೆ ಅಂತ ಸೆಕ್ರೆಟರಿ ಗೊಣಗುತ್ತಾರೆ. ಹಿಂದಿನ ಸೀಟಿನ ಕೆಳಗೆ ಏನೋ ‘ಊಂ’ ಅಂತಿದೆ ಅಂತ ಮನೆಯವರು ಹೇಳುತ್ತಾರೆ. ಗ್ಯಾರೇಜಿಗೆ ಒಯ್ದರೆ ಮೇಸ್ತ್ರಿ ಒಂದು ಸುತ್ತು ಓಡಿಸಿ ತೀರ್ಪು ಕೊಡುತ್ತಾನೆ: ‘ಕ್ರೌನ್ ಹೋಗಿದೆ ಅಣ್ಣಾ, ಇಳಿಸಬೇಕು.’ ಅಂದರೆ ಹಿಂದಿನ ಆಕ್ಸಲಿನ ನಡುವೆ ಇದ್ದು ಇಂಜಿನ್ ಎಳೆತವನ್ನು ಎರಡೂ ಚಕ್ರಕ್ಕೆ ಹಂಚುವ ಡಿಫರೆನ್ಷಿಯಲ್‌ನ ದೊಡ್ಡ ಗೇರ್ ಕೆಟ್ಟಿದೆ ಅಂತ.

ಇಳಿಸಲು ಅವಸರ ಮಾಡಬೇಡಿ. ಸೋರಿಕೆ ಹೆಚ್ಚಾಗಿ ಒಂದು ಸೀಲ್ ಅಥವಾ ಕಟ್ಟಿಕೊಂಡ ಗಾಳಿದಾರಿಯ ಕೆಲಸ. ಡಿಫರೆನ್ಷಿಯಲ್ ಸದ್ದು ಅಂತ ನಾವು ಅಂದುಕೊಂಡದ್ದು ಎಷ್ಟೋ ಸಲ ಟೈರಿನದೋ ಚಕ್ರದ ಬೇರಿಂಗಿನದೋ ಆಗಿರುತ್ತದೆ. ವರ್ಷಗಟ್ಟಲೆ ಒಟ್ಟಿಗೆ ಸವೆದು ಹೊಂದಿಕೊಂಡ ಕ್ರೌನ್-ಪಿನಿಯನ್ ಜೋಡಿಯನ್ನು ಸುಮ್ನೆ ಬಿಚ್ಚಿ ಮತ್ತೆ ಕೂರಿಸಿದರೆ, ಇಲ್ಲದ ಸದ್ದೂ ಶುರುವಾಗಬಹುದು. ಅದಕ್ಕೇ ಮೊದಲು ಕೇಳಿಸಿಕೊಳ್ಳಿ, ಆಮೇಲೆ ಸೋರಿಕೆ ನಿಲ್ಲಿಸಿ, ಸರಿಯಾದ ಎಣ್ಣೆ ತುಂಬಿ. ಒಳಗೆ ಕೈ ಹಾಕುವುದು ಕೊನೆಗೆ.

ಇಲ್ಲಿ ಹೇಳುವುದು ಪ್ರೀಮಿಯರ್ ಪದ್ಮಿನಿ, ಅದಕ್ಕೂ ಹಿಂದಿನ ಫಿಯೆಟ್ 1100, ಅಂಬಾಸಿಡರ್‌ನಂಥ ಗಾಡಿಗಳಿಗೆ. ಇಂಜಿನ್ ಮುಂದೆ, ಎಳೆಯುವ ಚಕ್ರ ಹಿಂದೆ, ನಡುವೆ ಒಂದೇ ಗಟ್ಟಿ ಆಕ್ಸಲ್. ಪದ್ಮಿನಿ ನಮ್ಮ ಕುರ್ಲಾದಲ್ಲೇ ತಯಾರಾದ ಗಾಡಿ. ಕಾಳಿ-ಪೀಲಿ ಟ್ಯಾಕ್ಸಿಯಾಗಿ ಅದು 2023ರ ಅಕ್ಟೋಬರ್‌ನಲ್ಲಿ ಮುಂಬೈ ರಸ್ತೆಯಿಂದ ನಿವೃತ್ತಿಯಾಯಿತು. ಈಗ ಹೊಸ ಕ್ರೌನ್-ಪಿನಿಯನ್ ಜೋಡಿ ಬೇಕು ಅಂದರೆ ಹುಡುಕಾಟ ಜಾಸ್ತಿ. ಇದ್ದದ್ದನ್ನು ಕಾಪಾಡಿಕೊಳ್ಳಲು ಇದೂ ಒಂದು ಕಾರಣ.

ಒಳಗೆ ಏನಿದೆ

ಗೇರ್‌ಬಾಕ್ಸಿನಿಂದ ಪ್ರೊಪೆಲ್ಲರ್ ಶಾಫ್ಟ್ ಬಂದು ಸಣ್ಣ ಗೇರನ್ನು ತಿರುಗಿಸುತ್ತದೆ. ಅದು ಪಿನಿಯನ್. ಪಿನಿಯನ್ ದೊಡ್ಡ ಬಳೆಯಾಕಾರದ ಕ್ರೌನ್ ಗೇರನ್ನು ತಿರುಗಿಸುತ್ತದೆ. ಕ್ರೌನಿಗೆ ಬೋಲ್ಟ್ ಮಾಡಿದ ಕೇಸಿನೊಳಗೆ ಸಣ್ಣ ಸ್ಪೈಡರ್ ಗೇರುಗಳಿವೆ. ತಿರುವಿನಲ್ಲಿ ಒಂದು ಚಕ್ರ ಬೇಗ, ಇನ್ನೊಂದು ನಿಧಾನ ತಿರುಗಲು ಬಿಡುವುದು ಇವೇ. ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ಹಾಫ್ ಶಾಫ್ಟ್ ಚಕ್ರದ ತನಕ ಹೋಗುತ್ತದೆ. ಈ ಗಾಡಿಗಳಲ್ಲಿ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಪಿನಿಯನ್ ನಾಲ್ಕಕ್ಕೂ ಜಾಸ್ತಿ ಸುತ್ತು ಬಂದಿರುತ್ತದೆ. ಸದ್ದು ಗುರುತಿಸುವಾಗ ಈ ಲೆಕ್ಕ ಕೆಲಸಕ್ಕೆ ಬರುತ್ತದೆ.

ಮೊದಲು ಓಡಿಸಿ ಕೇಳಿ

ಟ್ರಾಫಿಕ್ಕಿನಲ್ಲಿ ಇದು ಆಗುವ ಕೆಲಸವಲ್ಲ. ನವಿ ಮುಂಬೈಯ ಪಾಮ್ ಬೀಚ್ ರೋಡ್ ಥರದ ನೇರ, ನಯವಾದ ರಸ್ತೆ ಬೇಕು. ಬೆಳಗ್ಗೆ ಬೇಗ ಹೋಗಿ. ಟೈರಿನ ಗಾಳಿ ಸರಿ ಇರಲಿ, ಡಿಕ್ಕಿ ಖಾಲಿ ಇರಲಿ. ಜೊತೆಗೊಬ್ಬರು ಹಿಂದಿನ ಸೀಟಿನಲ್ಲಿ ಕೂತು ಕೇಳಲಿ. ಸಾಮಾನ್ಯವಾಗಿ ಓಡಾಡಿ ಆಕ್ಸಲ್ ಬಿಸಿಯಾದ ಮೇಲೆ ಪರೀಕ್ಷೆ ಶುರು ಮಾಡಿ.

ನಾಲ್ಕು ರೀತಿಯಲ್ಲಿ ಓಡಿಸಬೇಕು. ಆಕ್ಸಿಲರೇಟರ್ ಒತ್ತಿ ವೇಗ ಏರಿಸುವಾಗ. ಒಂದೇ ವೇಗದಲ್ಲಿ ಹಿಡಿದಾಗ. ಗೇರಿನಲ್ಲೇ ಇಟ್ಟು ಕಾಲು ಪೂರ್ತಿ ತೆಗೆದಾಗ. ಮತ್ತೆ, ಎಳೆತವೂ ಇಲ್ಲ, ತಡೆಯೂ ಇಲ್ಲ ಅನ್ನುವಷ್ಟು ಮಾತ್ರ ಕಾಲಿಟ್ಟಾಗ. ಪ್ರತಿ ಸಲವೂ ಸದ್ದು ಹೇಗೆ ಬದಲಾಗುತ್ತದೆ ನೋಡಿ.

ಎಳೆಯುವಾಗ ‘ಊಂ’ ಅಂತ ಕೂಗಿ, ಕಾಲು ತೆಗೆದ ಕೂಡಲೇ ನಿಂತರೆ, ಅಥವಾ ಇದರ ಉಲ್ಟಾ ಆದರೆ, ಅದು ಕ್ರೌನ್-ಪಿನಿಯನ್ ಹಲ್ಲಿನ ಸದ್ದು. ಹಲ್ಲಿನ ಒಂದು ಮುಖ ಎಳೆಯುವಾಗ ಕೆಲಸ ಮಾಡುತ್ತದೆ, ಇನ್ನೊಂದು ಇಂಜಿನ್ ತಡೆಯುವಾಗ. ಯಾವ ಮುಖ ಸವೆದಿದೆಯೋ ಅದು ಕೂಗುತ್ತದೆ. ಖಂಡಾಲಾ ಘಾಟಿ ಇಳಿಯುವಾಗ ಮಾತ್ರ ಕೂಗುವ ಗಾಡಿಗಳ ಗುಟ್ಟು ಇದು. ಕಾಲು ತೆಗೆದಾಗ ಮಾತ್ರ ಒರಟಾದ ಗೊರಗೊರ ಬಂದರೆ ಪಿನಿಯನ್ ಬೇರಿಂಗ್ ಸಡಿಲವಾಗಿದೆಯೇ ಅಂತಲೂ ಅನುಮಾನಿಸಿ.

ಎಳೆತ ಬದಲಾದರೂ ಬದಲಾಗದೆ, ವೇಗದ ಜೊತೆ ಮಾತ್ರ ಏರಿಳಿಯುವ ಸದ್ದು ಬೇರಿಂಗಿನದು. ಪಿನಿಯನ್ ನಾಲ್ಕು ಪಟ್ಟು ಬೇಗ ತಿರುಗುವುದರಿಂದ ಅದರ ಬೇರಿಂಗ್ ಸದ್ದಿಗೆ ಸ್ವರ ಎತ್ತರ. ಚಕ್ರದ ಬೇರಿಂಗ್ ಸದ್ದು ತಗ್ಗಿದ ಗುಡುಗುಡು. ಖಾಲಿ ರಸ್ತೆಯಲ್ಲಿ ನಿಧಾನವಾಗಿ ಎಡಕ್ಕೆ ಬಲಕ್ಕೆ ಓಲಾಡಿಸಿದರೆ ಚಕ್ರದ ಬೇರಿಂಗ್ ಸದ್ದು ಏರುಪೇರಾಗುತ್ತದೆ. ಭಾರ ಹೊರಗಿನ ಚಕ್ರದ ಮೇಲೆ ಬೀಳುತ್ತದಲ್ವಾ, ಅದಕ್ಕೆ. ನೇರ ಹೋಗುವಾಗ ಸುಮ್ಮನಿದ್ದು ಗಟ್ಟಿ ತಿರುವಿನಲ್ಲಿ ಮಾತ್ರ ಕಟಕಟ ಅಂದರೆ ಸ್ಪೈಡರ್ ಗೇರ್ ನೋಡಬೇಕು.

ಟೈರಿನ ಸದ್ದು ರಸ್ತೆಯ ಮೇಲ್ಮೈ ಬದಲಾದ ಕೂಡಲೇ ಬದಲಾಗುತ್ತದೆ. ಕಾಂಕ್ರೀಟಿನಿಂದ ಡಾಂಬರಿಗೆ ಇಳಿದಾಗ ಕಿವಿಗೊಡಿ. ಡಿಫರೆನ್ಷಿಯಲ್‌ಗೆ ರಸ್ತೆ ಯಾವುದಾದರೇನು!

ಗೇರ್ ಹಾಕಿ ಕ್ಲಚ್ ಬಿಟ್ಟಾಗ ‘ಠಣ್’ ಅಂದರೆ ಡಿಫರೆನ್ಷಿಯಲ್ ಮೇಲೆ ತಪ್ಪು ಹೊರಿಸುವ ಮೊದಲು ಯುಜೆ ಕ್ರಾಸ್ (ಪ್ರೊಪೆಲ್ಲರ್ ಶಾಫ್ಟಿನ ತುದಿಯ ಬಾಗುವ ಕೀಲು, ಯೂನಿವರ್ಸಲ್ ಜಾಯಿಂಟ್), ಪ್ರೊಪೆಲ್ಲರ್ ಶಾಫ್ಟಿನ ಬೋಲ್ಟ್, ಕಮಾನ್ ಪಟ್ಟಿಯ ಯು-ಬೋಲ್ಟ್ ನಟ್ಟು ಪರೀಕ್ಷಿಸಿ. ಸೆಂಟರ್ ಬೇರಿಂಗ್ ಇರುವ ಗಾಡಿಯಾದರೆ ಅದರ ರಬ್ಬರನ್ನೂ ನೋಡಿ. ಯುಜೆಯ ಎರಡೂ ಬದಿಯನ್ನು ಕೈಯಲ್ಲಿ ಹಿಡಿದು ಒಂದಕ್ಕೊಂದು ವಿರುದ್ಧ ತಿರುಗಿಸಿ. ಸ್ವಲ್ಪವೂ ಆಡಬಾರದು.

ಎಲ್ಲಿ ಸೋರುತ್ತಿದೆ

ಎಣ್ಣೆ ಗಾಳಿಗೆ ಹಿಂದಕ್ಕೆ ಹರಡುತ್ತದೆ. ಇಡೀ ಆಕ್ಸಲ್ ಒದ್ದೆ ಇದ್ದರೆ ಮೂಲ ಗೊತ್ತಾಗುವುದಿಲ್ಲ. ಡೀಸೆಲ್ ಮತ್ತು ಬ್ರಷ್ಷಿನಿಂದ ಪೂರ್ತಿ ತೊಳೆದು, ಒರೆಸಿ, ಒಣಗಿಸಿ. ಮೇಲೆ ಟಾಲ್ಕಂ ಪೌಡರ್ ತೆಳುವಾಗಿ ಉದುರಿಸಿ. ಸ್ವಲ್ಪ ದೂರ ಓಡಿಸಿ ಬಂದು ಟಾರ್ಚ್ ಹಾಕಿ ನೋಡಿ. ಪೌಡರ್ ಎಲ್ಲಿ ಒದ್ದೆಯಾಗಿದೆಯೋ ಅಲ್ಲೇ ಸೋರಿಕೆ. ಆಕ್ಸಲ್ ಎಣ್ಣೆಗೆ ಗಂಧಕದ ಗಬ್ಬು ವಾಸನೆ ಇರುತ್ತದೆ. ಚಕ್ರದ ಒಳಬದಿಯ ಒದ್ದೆ ಬ್ರೇಕ್ ಆಯಿಲೋ ಗೇರ್ ಆಯಿಲೋ ಅಂತ ಮೂಗೇ ಹೇಳುತ್ತದೆ.

ಸೋರುವ ಜಾಗ ಹೆಚ್ಚಾಗಿ ಮೂರು: ಮುಂದೆ ಪಿನಿಯನ್ ಸೀಲ್, ಆಕ್ಸಲಿನ ತುದಿಯಲ್ಲಿ ಹಾಫ್ ಶಾಫ್ಟ್ ಸೀಲ್, ಕ್ರೌನ್-ಪಿನಿಯನ್ ಹೊತ್ತ ಕ್ಯಾರಿಯರ್ ಹೌಸಿಂಗಿಗೆ ಕೂರುವ ಕಡೆಯ ಪ್ಯಾಕಿಂಗ್. ಡ್ರೇನ್ ಪ್ಲಗ್ಗಿನ ವಾಷರ್ ಸೋರಿದರೆ ನೀವು ಅದೃಷ್ಟವಂತರು.

ಗಾಡಿ ಎತ್ತುವ ಮುಂಚೆ

ಹಿಂದಿನ ಎರಡೂ ಚಕ್ರ ಮೇಲಕ್ಕೆದ್ದ ಮೇಲೆ ಹ್ಯಾಂಡ್‌ಬ್ರೇಕೂ ಗಾಡಿ ಹಿಡಿಯುವುದಿಲ್ಲ, ಗೇರೂ ಹಿಡಿಯುವುದಿಲ್ಲ. ಎರಡೂ ಹಿಂದಿನ ಚಕ್ರವನ್ನೇ ನಂಬಿಕೊಂಡಿವೆ. ಆದ್ದರಿಂದ ಸಮತಟ್ಟಾದ ಗಟ್ಟಿ ನೆಲ ಬೇಕು. ಮುಂದಿನ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಕೊಡಿ. ಜಾಕ್ ಎತ್ತಲು ಮಾತ್ರ. ಎತ್ತಿದ ಮೇಲೆ ಭಾರ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಬೇಕು. ಇಟ್ಟಿಗೆ, ಪೇವರ್ ಬ್ಲಾಕ್ ಬೇಡವೇ ಬೇಡ, ಅವು ಹೇಳದೇ ಕೇಳದೇ ಪುಡಿಯಾಗುತ್ತವೆ. ಗಾಡಿ ಎತ್ತಿಟ್ಟು ಇಂಜಿನ್ ಓಡಿಸಿ ಕೆಳಗೆ ಮಲಗಿ ಸದ್ದು ಕೇಳುವ ಸಾಹಸವೂ ಬೇಡ. ಒಂದು ಚಕ್ರ ಹಿಡಿದರೆ ಇನ್ನೊಂದು ದುಪ್ಪಟ್ಟು ವೇಗದಲ್ಲಿ ತಿರುಗುತ್ತದೆ.

ಗಾಳಿದಾರಿ ಮತ್ತು ಎಣ್ಣೆ

ಆಕ್ಸಲ್ ಹೌಸಿಂಗ್ ಮೇಲೆ ಒಂದು ಸಣ್ಣ ಬ್ರೀದರ್ ಇರುತ್ತದೆ. ಓಡಿದಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಇದರಿಂದ ಹೊರಗೆ ಹೋಗಬೇಕು. ಕೆಸರು ಕಟ್ಟಿದ್ದರೆ ಒತ್ತಡ ಏರಿ ಎಣ್ಣೆ ಸೀಲನ್ನೇ ದಾಟಿ ಬರುತ್ತದೆ. ಆಗ ಎಷ್ಟು ಹೊಸ ಸೀಲ್ ಹಾಕಿದರೂ ಸೋರುತ್ತಲೇ ಇರುತ್ತದೆ. ಅದನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಸಿ, ಬಾಯಲ್ಲಲ್ಲ, ಪಂಪಿನಿಂದ ಊದಿ ನೋಡಿ. ಇಡೀ ಕೆಲಸದಲ್ಲಿ ಖರ್ಚಿಲ್ಲದ ಭಾಗ ಇದು. ಜಾಸ್ತಿ ಜನ ಬಿಟ್ಟುಬಿಡುವುದೂ ಇದನ್ನೇ.

ಮುಂಬೈಯಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಜುಲೈ ಮಳೆಯಲ್ಲಿ ಮಾಟುಂಗದ ಕಿಂಗ್ಸ್ ಸರ್ಕಲ್ಲೋ ಹಿಂದ್‌ಮಾತಾವೋ ತುಂಬಿದಾಗ ನೀವು ಗಾಡಿ ಇಳಿಸಿದಿರಿ ಅನ್ನಿ. ಬಿಸಿ ಆಕ್ಸಲ್ ತಣ್ಣೀರಿಗೆ ಬಿದ್ದು ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್, ಸೀಲ್ ಯಾವುದರಿಂದಾದರೂ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಕೆಲವೇ ದಿನದಲ್ಲಿ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಹಾಗೇ ಬಿಟ್ಟರೆ ಬೇರಿಂಗಿಗೆ ತುಕ್ಕು ಹಿಡಿದು, ದೀಪಾವಳಿ ಹೊತ್ತಿಗೆ ಗುಡುಗುಡು ಶುರು. ಆಕ್ಸಲ್ ಮುಳುಗುವಷ್ಟು ನೀರಲ್ಲಿ ಹೋದ ಗಾಡಿಯ ಎಣ್ಣೆಯನ್ನು ಆ ವಾರವೇ ಬದಲಿಸಿ. ಊರಿಗೆ ಕೊಂಕಣದ ದಾರಿಯಲ್ಲಿ ಮಳೆಗಾಲದಲ್ಲಿ ಹೋಗಿಬರುವವರೂ ಹಾಗೇ.

ಎಣ್ಣೆ ಇಳಿಸುವ ಮೊದಲು ತುಂಬುವ ಪ್ಲಗ್ ಬಿಚ್ಚಿ ನೋಡಿ. ಅದು ಬರದೇ ಹೋದರೆ, ಇಳಿಸಿದ ಮೇಲೆ ತುಂಬುವುದು ಎಲ್ಲಿಂದ? ಆಮೇಲೆ ಸ್ವಲ್ಪ ಓಡಿಸಿ ಬಿಸಿ ಮಾಡಿ ಇಳಿಸಿ. ಇಳಿದದ್ದನ್ನು ಬಿಳಿ ಬಟ್ಟೆಯಿಂದ ಸೋಸಿ, ತಳದಲ್ಲಿ ಅಯಸ್ಕಾಂತ ಆಡಿಸಿ. ಬೂದು ಬಣ್ಣದ ನುಣುಪಾದ ಪೇಸ್ಟ್ ಸ್ವಲ್ಪ ಇದ್ದರೆ ವಯಸ್ಸಿನ ಲಕ್ಷಣ ಅಷ್ಟೇ. ಸೂಜಿಯಂಥ ಚೂರು, ಚಕ್ಕೆ, ಹಲ್ಲಿನ ತುಂಡು ಸಿಕ್ಕರೆ ಮಾತ್ರ ಗಾಡಿ ಓಡಿಸಬೇಡಿ, ಒಳಗೆ ನೋಡಲೇಬೇಕು.

ಪಿನಿಯನ್ ಸೀಲ್: ನಿಧಾನವಾಗಿ ಮಾಡುವ ಕೆಲಸ

ನೋಡಲು ಸುಲಭ. ನಟ್ಟು ಬಿಚ್ಚು, ಫ್ಲೇಂಜ್ (ಪ್ರೊಪೆಲ್ಲರ್ ಶಾಫ್ಟ್ ಬೋಲ್ಟ್ ಆಗುವ ಬಿಲ್ಲೆ) ಎಳೆ, ಸೀಲ್ ಬದಲಿಸು. ಆದರೆ ಆ ನಟ್ಟು ಫ್ಲೇಂಜನ್ನು ಹಿಡಿಯುವುದರ ಜೊತೆಗೆ ಪಿನಿಯನ್ನಿನ ಎರಡು ಬೇರಿಂಗುಗಳ ಮೇಲಿನ ಒತ್ತಡವನ್ನೂ ಹಿಡಿದಿರುತ್ತದೆ. ಕೆಲವು ಆಕ್ಸಲ್‌ಗಳಲ್ಲಿ ಬೇರಿಂಗುಗಳ ನಡುವೆ ಗಟ್ಟಿ ಕೊಳವೆ ಮತ್ತು ಶಿಮ್ (ಅಳತೆ ಹೊಂದಿಸುವ ತೆಳು ತಗಡಿನ ಬಳೆ) ಇರುತ್ತದೆ. ಅಲ್ಲಿ ಚಿಂತೆ ಕಡಿಮೆ. ಇನ್ನು ಕೆಲವದರಲ್ಲಿ ನಟ್ಟು ಬಿಗಿದಷ್ಟೂ ಹಿಸುಕಿಕೊಳ್ಳುವ ತೆಳು ಕೊಳವೆ ಇರುತ್ತದೆ. ಅದು ಒಮ್ಮೆ ಜಾಸ್ತಿ ಹಿಸುಕಿದರೆ ಮುಗಿಯಿತು. ನಟ್ಟು ಸಡಿಲಿಸಿದರೂ ಅದು ಹಿಂದಕ್ಕೆ ಬರುವುದಿಲ್ಲ. ನಿಮ್ಮ ಗಾಡಿಯದು ಯಾವ ಬಗೆ ಅಂತ ವರ್ಕ್‌ಶಾಪ್ ಮ್ಯಾನ್ಯುವಲ್ ನೋಡಿಯೇ ಕೈ ಹಾಕಿ. ‘ನಟ್ಟು ಇನ್ನೊಂದು ಸುತ್ತು ಬಿಗಿದರೆ ಸದ್ದು ಹೋಗುತ್ತೆ’ ಅನ್ನುವ ಮೇಸ್ತ್ರಿಯಿಂದ ದೂರ ಇರಿ.

ಹಿಂದಿನ ಎರಡೂ ಚಕ್ರ, ಬ್ರೇಕ್ ಡ್ರಮ್ ತೆಗೆಯಿರಿ. ಇಲ್ಲವಾದರೆ ಬ್ರೇಕಿನ ತಿಕ್ಕಾಟ ಅಳತೆಯಲ್ಲಿ ಸೇರಿಕೊಳ್ಳುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಮತ್ತು ಫ್ಲೇಂಜ್ ಮೇಲೆ ಬಣ್ಣದ ಗೆರೆ ಎಳೆದು ಬೋಲ್ಟ್ ಬಿಚ್ಚಿ. ಅದೇ ಜಾಗಕ್ಕೆ ವಾಪಸ್ ಕೂರದಿದ್ದರೆ ಹೊಸ ನಡುಕ ಬರಬಹುದು. ಶಾಫ್ಟನ್ನು ಜೋತು ಬಿಡಬೇಡಿ, ತಂತಿಯಿಂದ ಕಟ್ಟಿ.

ಈಗ ಫ್ಲೇಂಜಿಗೆ ದಾರ ಸುತ್ತಿ, ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ನಿಧಾನವಾಗಿ ಎಳೆಯಿರಿ. ಫ್ಲೇಂಜ್ ಒಂದೇ ಸಮನೆ ತಿರುಗುತ್ತಿರುವಾಗ ತಕ್ಕಡಿ ಎಷ್ಟು ತೋರಿಸುತ್ತದೆ ಅಂತ ಬರೆದಿಟ್ಟುಕೊಳ್ಳಿ. ನಟ್ಟು, ಪಿನಿಯನ್ ತುದಿ, ಫ್ಲೇಂಜ್ ಮೂರರ ಮೇಲೂ ಸೆಂಟರ್ ಪಂಚಿನಿಂದ ಒಂದೇ ಸಾಲಿನಲ್ಲಿ ಚುಕ್ಕಿ ಹಾಕಿ. ನಟ್ಟಿನ ಹೊರಗೆ ಕಾಣುವ ಪಿನಿಯನ್ನಿನ ಥ್ರೆಡ್ ಎಳೆಗಳನ್ನೂ ಎಣಿಸಿ ಬರೆದಿಡಿ. ಫೋನಿನಲ್ಲಿ ಒಂದು ಫೋಟೋ ಇದ್ದರೆ ಇನ್ನೂ ಒಳ್ಳೆಯದು.

ಫ್ಲೇಂಜ್ ತಿರುಗದಂತೆ ಉದ್ದನೆ ಪಟ್ಟಿಯೊಂದನ್ನು ಅದಕ್ಕೆ ಬೋಲ್ಟ್ ಮಾಡಿ ಹಿಡಿದು ನಟ್ಟು ಬಿಚ್ಚಿ. ಫ್ಲೇಂಜ್ ಬರದಿದ್ದರೆ ಪುಲ್ಲರ್ ಬಳಸಿ, ಸುತ್ತಿಗೆ ಬೇಡ. ಆ ಹೊಡೆತ ನೇರ ಬೇರಿಂಗಿಗೆ ಹೋಗುತ್ತದೆ.

ಫ್ಲೇಂಜಿನ ಮೇಲೆ ಸೀಲ್ ಉಜ್ಜುವ ಜಾಗವನ್ನು ಉಗುರಿನಿಂದ ಸವರಿ. ಗೆರೆ ಉಗುರಿಗೆ ಸಿಕ್ಕಿದರೆ ಹೊಸ ಸೀಲೂ ಬೇಗ ಸೋರುತ್ತದೆ. ಎರಡು ದಾರಿ ಇದೆ. ಜಾಗವಿದ್ದರೆ ಹೊಸ ಸೀಲನ್ನು ಒಂದೆರಡು ಮಿಲಿಮೀಟರ್ ಹಿಂದೆಮುಂದೆ ಕೂರಿಸಿ, ತುಟಿ ಹೊಸ ಜಾಗದ ಮೇಲೆ ಓಡಲಿ. ಇಲ್ಲವೇ ಲೇತ್ ಅಂಗಡಿಯಲ್ಲಿ ಸವೆದ ಜಾಗದ ಮೇಲೆ ತೆಳು ಸ್ಲೀವ್ ಕೂರಿಸಿಕೊಳ್ಳಿ. ಎಮ್ರಿ ಕಾಗದ ಹಾಕುವುದಾದರೆ ಸುತ್ತಲೂ ಉಜ್ಜಿ, ಉದ್ದಕ್ಕೆ ಬೇಡ.

ಹಳೇ ಸೀಲನ್ನು ಎತ್ತುವಾಗ ಹೌಸಿಂಗಿಗೆ ಗೀರು ಬೀಳದಿರಲಿ. ಹೊಸದರ ತುಟಿಗೆ ಗೇರ್ ಆಯಿಲ್, ಎರಡು ತುಟಿಯ ನಡುವೆ ಸ್ವಲ್ಪ ಗ್ರೀಸ್ ಹಚ್ಚಿ. ಸ್ಪ್ರಿಂಗ್ ಇರುವ ಬದಿ ಎಣ್ಣೆಯ ಕಡೆಗೆ. ಸೀಲಿನ ಹೊರಸುತ್ತಿನಷ್ಟೇ ಅಗಲದ ಪೈಪ್ ತುಂಡು ಇಟ್ಟು ಸಮವಾಗಿ ತಟ್ಟಿ ಕೂರಿಸಿ.

ಫ್ಲೇಂಜ್ ಹಾಕಿ ನಟ್ಟನ್ನು ಚುಕ್ಕಿಗೆ ಚುಕ್ಕಿ ಸೇರುವ ತನಕ ಬಿಗಿಯಿರಿ. ತಕ್ಕಡಿ ಹಾಕಿ ಮತ್ತೆ ಎಳೆದು ನೋಡಿ. ಹೊಸ ಸೀಲಿನ ತಿಕ್ಕಾಟದಿಂದ ಮೊದಲಿಗಿಂತ ಚೂರೇ ಜಾಸ್ತಿ ಬಂದರೆ ಸರಿ. ಕಡಿಮೆ ಬಂದರೆ ಕೂದಲೆಳೆಯಷ್ಟು ಮುಂದೆ ಬಿಗಿದು ಮತ್ತೆ ಅಳೆಯಿರಿ. ಕೊನೆಗೆ ನಟ್ಟಿನ ಲಾಕ್ ಮಡಿಸಲು ಮರೆಯಬೇಡಿ.

ಹಾಫ್ ಶಾಫ್ಟ್ ತುದಿ

ಇಲ್ಲಿ ಸೋರಿದರೆ ಎಣ್ಣೆ ನೇರ ಬ್ರೇಕಿಗೆ ಹೋಗುತ್ತದೆ. ಹಾಗಾಗಿ ನನ್ನ ಪ್ರಕಾರ ಪಿನಿಯನ್ ಸೀಲಿಗಿಂತ ಇದು ತುರ್ತು. ಡ್ರಮ್ ತೆಗೆದಾಗ ಹಳೇ ಲೈನಿಂಗಿನ ಧೂಳನ್ನು ಊದಬೇಡಿ, ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ. ಎಣ್ಣೆ ಕುಡಿದ ಬ್ರೇಕ್ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು ಬಳಸುವ ಅಭ್ಯಾಸ ಬಿಟ್ಟುಬಿಡಿ. ಬಿಸಿಯಾದಾಗ ಎಣ್ಣೆ ಮತ್ತೆ ಹೊರಬರುತ್ತದೆ. ಎರಡೂ ಬದಿಯ ಶೂ ಒಟ್ಟಿಗೆ ಬದಲಿಸಿ.

ಶಾಫ್ಟ್ ಹೊರತೆಗೆಯುವ ಕ್ರಮ ಗಾಡಿಯಿಂದ ಗಾಡಿಗೆ ಬೇರೆ. ಶಾಫ್ಟಿನ ಮೇಲೆ ಬಿಗಿಯಾಗಿ ಕೂತ ಬೇರಿಂಗ್ ತೆಗೆಯಲು ಪ್ರೆಸ್ ಬೇಕು. ಮನೆಯಲ್ಲಿ ಉಳಿ-ಸುತ್ತಿಗೆ ಹಿಡಿಯದೆ ಲೇತ್ ಅಂಗಡಿಗೆ ಒಯ್ಯಿರಿ. ಬೇರಿಂಗ್ ಗರಗರ ಅನ್ನುತ್ತಿದ್ದರೆ ಸೀಲಿನ ಜೊತೆ ಅದನ್ನೂ ಬದಲಿಸಿ. ಸಡಿಲ ಬೇರಿಂಗ್ ಇಟ್ಟುಕೊಂಡು ಹೊಸ ಸೀಲ್ ಹಾಕಿದರೆ ಬಹಳ ದಿನ ಬಾಳುವುದಿಲ್ಲ.

ಸಾಮಾನು ಎಲ್ಲಿ

ಆಯಿಲ್ ಸೀಲಿನ ಮೇಲೆ ಸಾಮಾನ್ಯವಾಗಿ ಒಳಸುತ್ತು, ಹೊರಸುತ್ತು, ದಪ್ಪ ಮೂರೂ ಅಚ್ಚಾಗಿರುತ್ತದೆ. ಬೇರಿಂಗ್ ಮೇಲೂ ನಂಬರ್ ಇರುತ್ತದೆ. ಗಾಡಿಯ ಹೆಸರು ಹೇಳುವುದಕ್ಕಿಂತ ಈ ಅಳತೆ ಹೇಳಿ ಕೇಳಿ. ಮುಂಬೈಯಲ್ಲಿ ನಾಗದೇವಿ ಸ್ಟ್ರೀಟ್‌ನ ಬೇರಿಂಗ್ ಅಂಗಡಿಗಳಿಗೆ ಹಳೇ ತುಂಡನ್ನೇ ಹಿಡಿದು ಹೋಗಿ. ಗಾಡಿಯದೇ ಬಿಡಿಭಾಗಕ್ಕೆ ಒಪೆರಾ ಹೌಸ್ ಕಡೆಯ ಅಂಗಡಿಗಳು, ಸೆಕೆಂಡ್ ಹ್ಯಾಂಡ್‌ಗೆ ಕುರ್ಲಾದ ಸಿಎಸ್‌ಟಿ ರೋಡ್. ಪುಣೆಯವರಿಗೆ ನಾನಾ ಪೇಠ್ ಇದ್ದೇ ಇದೆ. ಹಳೇ ಕ್ರೌನ್-ಪಿನಿಯನ್ ಕೊಳ್ಳುವುದಾದರೆ ಎರಡರ ಮೇಲಿನ ಜೋಡಿ ನಂಬರ್ ಒಂದೇ ಇದೆಯೇ ನೋಡಿ. ಒಂದರದ್ದು ಇನ್ನೊಂದಕ್ಕೆ ಹೊಂದುವುದಿಲ್ಲ. ಹಲ್ಲಿನ ಲೆಕ್ಕವೂ ನಿಮ್ಮದಕ್ಕೆ ತಾಳೆಯಾಗಬೇಕು.

ಬಿಚ್ಚಲೇಬೇಕಾದಾಗ

ಪದ್ಮಿನಿ, ಅಂಬಾಸಿಡರ್‌ಗಳಲ್ಲಿ ಹಾಫ್ ಶಾಫ್ಟ್ ಎಳೆದ ಮೇಲೆ ಕ್ಯಾರಿಯರ್ ಪೂರ್ತಿಯಾಗಿ ಮುಂದಿನಿಂದ ಬರುತ್ತದೆ. ಭಾರ ಇರುತ್ತದೆ, ಇನ್ನೊಬ್ಬರು ಜೊತೆಗಿರಲಿ. ಬರೀ ಪ್ಯಾಕಿಂಗ್ ಸೋರುತ್ತಿದ್ದರೆ ಇಲ್ಲಿಗೇ ನಿಲ್ಲಿ. ಎರಡೂ ಮುಖ ಕೆರೆದು, ಹೊಸ ಪ್ಯಾಕಿಂಗ್ ಮೇಲೆ ತೆಳುವಾಗಿ ಸೀಲಂಟ್ ಹಚ್ಚಿ ಕೂರಿಸಿ. ಅಂಗಡಿಯಲ್ಲಿ ಹೇಳುವಷ್ಟು ದಪ್ಪಗೆ ಸಿಲಿಕೋನ್ ಸುರಿದರೆ ಒಳಗೆ ಉಬ್ಬಿದ್ದು ಕಿತ್ತು ಎಣ್ಣೆಯಲ್ಲಿ ಓಡಾಡುತ್ತದೆ.

ಹಲ್ಲುಗಳನ್ನು ತೊಳೆದು ಬೆಳಕಿನಲ್ಲಿ ನೋಡಿ. ನುಣ್ಣಗೆ ಹೊಳೆಯುತ್ತಿದ್ದರೆ ಮುಟ್ಟಬೇಡಿ. ಗುಳಿ ಬಿದ್ದಿದ್ದರೆ, ಸುಟ್ಟ ನೀಲಿ ಬಣ್ಣ ಬಂದಿದ್ದರೆ ಜೋಡಿಯೇ ಹೋಗಬೇಕು. ಬೇರಿಂಗ್ ಬದಲಿಸುವುದಾದರೆ ಕ್ರೌನಿನ ಎರಡೂ ಬದಿಯ ಬೇರಿಂಗ್ ಕ್ಯಾಪಿಗೆ ಪಂಚಿನಿಂದ ಗುರುತು ಹಾಕಿ. ಅವು ಅದಲುಬದಲಾಗಬಾರದು.

ಕೂರಿಸುವಾಗ ಎರಡು ವಿಷಯ ನೋಡಬೇಕು. ಒಂದು, ಕ್ರೌನ್ ಮತ್ತು ಪಿನಿಯನ್ ಹಲ್ಲಿನ ನಡುವಿನ ಸಂದು. ಇಂಥ ಗಾಡಿಗಳಲ್ಲಿ ಅದು ಸುಮಾರು 0.10ರಿಂದ 0.20 ಮಿಲಿಮೀಟರ್. ನಿಮ್ಮ ಗಾಡಿಯ ನಿಖರ ಅಂಕಿ ಮ್ಯಾನ್ಯುವಲ್‌ನಲ್ಲಿರುತ್ತದೆ. ಇದನ್ನು ಡಯಲ್ ಗೇಜ್ ಇಲ್ಲದೆ ಅಳೆಯಲಾಗದು. ಬೆರಳ ಅಂದಾಜಿನಲ್ಲಿ ಮಾಡುವವರ ಕೈಗೆ ಕ್ರೌನ್ ಕೊಡಬೇಡಿ.

ಎರಡನೆಯದು ಹಲ್ಲಿನ ಅಚ್ಚು. ಕ್ರೌನಿನ ಕೆಲವು ಹಲ್ಲಿಗೆ ಹಳದಿ ಬಣ್ಣ ತೆಳುವಾಗಿ ಹಚ್ಚಿ, ಕ್ರೌನನ್ನು ಕೈಯಿಂದ ಸ್ವಲ್ಪ ತಡೆದು ಹಿಡಿದು ಪಿನಿಯನ್ ತಿರುಗಿಸಿ. ಬಣ್ಣ ಅಳಿಸಿದ ಗುರುತು ಹಲ್ಲಿನ ನಡುವೆ ಬೀಳಬೇಕು. ಗುರುತು ಹಲ್ಲಿನ ಬುಡಕ್ಕೆ ಇಳಿದಿದ್ದರೆ ಪಿನಿಯನ್ ಕ್ರೌನಿಗೆ ತೀರಾ ಹತ್ತಿರ ಬಂದಿದೆ, ಶಿಮ್ ಬದಲಿಸಿ ದೂರ ಸರಿಸಬೇಕು. ತುದಿಗೆ ಏರಿದ್ದರೆ ಪಿನಿಯನ್ ದೂರ ಇದೆ, ಹತ್ತಿರ ತರಬೇಕು. ಎಳೆಯುವ ಮುಖದಲ್ಲಿ ಗುರುತು ಕ್ರೌನಿನ ಒಳಸುತ್ತಿನ ಕಡೆಗೆ ವಾಲಿದರೆ ಸಂದು ಕಡಿಮೆ, ಕ್ರೌನನ್ನು ದೂರ ಸರಿಸಿ. ಹೊರಸುತ್ತಿನ ಕಡೆಗೆ ವಾಲಿದರೆ ಹತ್ತಿರ ತನ್ನಿ. ಪಿನಿಯನ್ ಸರಿಸಿದಾಗಲೆಲ್ಲ ಸಂದು ಬದಲಾಗುತ್ತದೆ. ಮತ್ತೆ ಅಳೆಯಿರಿ, ಮತ್ತೆ ಬಣ್ಣ ಹಚ್ಚಿ. ತಾಳ್ಮೆ ಇಲ್ಲದ ದಿನ ಇದನ್ನು ಶುರು ಮಾಡಬೇಡಿ.

ತುಂಬಿ, ಓಡಿಸಿ

ಈ ಕ್ರೌನ್-ಪಿನಿಯನ್ನಿನ ಹೈಪಾಯ್ಡ್ (ಓರೆಯಾಗಿ ಬಾಗಿದ) ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಜಾರುತ್ತವೆ ಕೂಡ. ಅದಕ್ಕೆ ಜಿಎಲ್-5 ದರ್ಜೆಯ 80ಡಬ್ಲ್ಯು-90 ಅಥವಾ 90 ಗೇರ್ ಆಯಿಲ್ ಬೇಕು. ಮಿಕ್ಕಿದ್ದನ್ನು ಗೇರ್‌ಬಾಕ್ಸಿಗೆ ಸುರಿಯಬೇಡಿ, ಹಳೇ ಗೇರ್‌ಬಾಕ್ಸಿನ ಹಿತ್ತಾಳೆ ಭಾಗಗಳಿಗೆ ಆ ಎಣ್ಣೆ ಆಗಿಬರುವುದಿಲ್ಲ. ಸದ್ದು ಅಡಗಿಸಲು 140ರ ದಪ್ಪ ಎಣ್ಣೆ ತುಂಬಿ ಮಾರುವವರಿದ್ದಾರೆ. ಹಳೇ ಗಾಡಿ ಕೊಳ್ಳುವಾಗ ಪ್ಲಗ್ ಬಿಚ್ಚಿ ಬೆರಳು ಹಾಕಿ ನೋಡುವುದು ಇದಕ್ಕೇ.

ಗಾಡಿ ಸಮತಟ್ಟಾಗಿ ನಿಂತಿರುವಾಗ ತುಂಬುವ ತೂತಿನಿಂದ ಎಣ್ಣೆ ಹೊರಗೆ ಜಿನುಗುವ ತನಕ ತುಂಬಿ. ಜಿನುಗುವುದು ನಿಂತ ಮೇಲೆ ಪ್ಲಗ್ ಹಾಕಿ. ಹಿಂದೆ ಮಾತ್ರ ಎತ್ತಿಟ್ಟು ತುಂಬಿದರೆ ಮಟ್ಟ ತಪ್ಪುತ್ತದೆ, ಜಾಸ್ತಿಯಾದ ಎಣ್ಣೆ ಸೀಲಿನಿಂದ ಬರುತ್ತದೆ.

ಮೊದಲ ಓಟ ಮೆಲ್ಲಗೆ ಇರಲಿ, ಭಾರ ಬೇಡ. ಅರ್ಧ ಗಂಟೆ ಓಡಿಸಿ ನಿಲ್ಲಿಸಿ, ಹೌಸಿಂಗ್ ಮೂಗಿನ (ಪಿನಿಯನ್ ಇರುವ ಮುಂದಿನ ತುದಿ) ಹತ್ತಿರ ಹುಷಾರಾಗಿ ಕೈ ತಂದು ನೋಡಿ. ಬಿಸಿ ಇರುವುದು ಸಹಜ. ಕೈ ಇಡಲು ಆಗದಷ್ಟು ಸುಡುತ್ತಿದ್ದರೆ ಬೇರಿಂಗ್ ಬಿಗಿ ಜಾಸ್ತಿಯಾಗಿದೆ, ಮುಂದೆ ಓಡಿಸಬೇಡಿ. ಪೂರ್ತಿ ತಣ್ಣಗಾದ ಮೇಲೆ ಎಣ್ಣೆ ಮಟ್ಟ, ಪ್ರೊಪೆಲ್ಲರ್ ಬೋಲ್ಟ್, ಚಕ್ರದ ನಟ್ಟು ಇನ್ನೊಮ್ಮೆ ನೋಡಿ. ರಾತ್ರಿ ಕೆಳಗೆ ರಟ್ಟು ಹಾಸಿಡಿ. ಹೊಸ ಜೋಡಿ ಅಥವಾ ಬೇರಿಂಗ್ ಹಾಕಿದ್ದರೆ 500 ಕಿಲೋಮೀಟರ್ ಆದಾಗ ಎಣ್ಣೆ ಇಳಿಸಿ ಹೊಸದು ಹಾಕಿ. ಇಳಿಸಿದ್ದನ್ನು ಗಟಾರಕ್ಕೆ ಬಿಡಬೇಡಿ. ಡಬ್ಬಿಗೆ ತುಂಬಿ, ಹಳೇ ಎಣ್ಣೆ ಒಟ್ಟು ಮಾಡುವ ಗ್ಯಾರೇಜಿಗೆ ಕೊಡಿ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ವೇಗದಲ್ಲಿ ಸಣ್ಣಗೆ ಕೂಗುತ್ತಿದೆ ಅನ್ನಿ. ಸೋರಿಕೆ ಇಲ್ಲ, ಎಣ್ಣೆಯಲ್ಲಿ ಚೂರಿಲ್ಲ, ತಿಂಗಳಿಂದ ತಿಂಗಳಿಗೆ ಸದ್ದು ಏರುತ್ತಲೂ ಇಲ್ಲ. ಹಾಗಿದ್ದರೆ ಹಾಗೇ ಓಡಿಸಿ. ಏರಲು ಶುರುವಾದರೆ ಮಾತ್ರ ಕ್ಯಾರಿಯರ್ ಇಳಿಸಿ, ಡಯಲ್ ಗೇಜ್ ಇರುವ ಕಡೆಗೆ ಒಯ್ಯಿರಿ.